ಚುಕ್ಕಿ ಮಂಗಳವ್ವನ ಕೈಗುಣ

ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ನಾನು ಕಂಪ್ಯೂಟರ್ ಆಪರೇಟರ್ ಆಗಿದ್ದೆ. ದೇವರಗುಡ್ಡದ ಕಡೆಯ ಹನ್ನೆರಡು ಹೆಣ್ಣುಮಕ್ಕಳು ನಮ್ಮ ಹತ್ತಿ ಹೊಲದಲ್ಲಿ ಕ್ರಾಸಿಂಗ್ ಮಾಡುತ್ತಿದ್ದರು. ಸಂಜೆ ಮೊಗ್ಗು ಬಿಡಿಸಿ ಗಂಡು ಎಳೆ ತೆಗೆಯಬೇಕು, ಬೆಳಿಗ್ಗೆ ಬೇರೆ ಜಾತಿಯ ಹೂವಿನ ಪರಾಗ ಮುಟ್ಟಿಸಬೇಕು. ನೂರು ಹೂವಿಗೆ ಯಾರ ಕೈಯಲ್ಲಿ ಎಷ್ಟು ಕಾಯಿ ಕಟ್ಟಿತು ಎಂಬುದನ್ನು ಹಂಗಾಮಿನ ಕೊನೆಗೆ ನಾನು ಕಂಬಗಳ ಚಾರ್ಟ್ ಮಾಡಿ ಶೆಡ್ಡಿನ ಗೋಡೆಗೆ ಹಚ್ಚುತ್ತಿದ್ದೆ. ಒಬ್ಬೊಬ್ಬರಿಗೆ ಒಂದೊಂದು ಕಂಬ.

ಅವರಲ್ಲಿ ಒಬ್ಬರಿಗೂ ಓದು ಬರುತ್ತಿರಲಿಲ್ಲ. ಓದು ಬರದಿದ್ದರೇನು, ಸೀರೆ ಗೊತ್ತಿತ್ತು. ನಮ್ಮ ಹಳೆಯ ಸಾಫ್ಟ್‌ವೇರ್ ಪ್ರತಿ ಕಂಬದೊಳಗೂ ಬೇರೆ ಬೇರೆ ನಮೂನೆ ತುಂಬುತ್ತಿತ್ತು. ಚುಕ್ಕಿ, ಕಡ್ಡಿ, ಚೌಕಡಿ, ಓರೆಗೆರೆ, ಹೀಗೆ. ಮೊದಲ ವರ್ಷವೇ ಅರಿವೆ ಅಂಗಡಿಗೆ ಬಂದವರಂತೆ ಜಗಳಾಡಿ ತಮ್ಮ ತಮ್ಮ ನಮೂನೆ ಆರಿಸಿಕೊಂಡರು. ಮಂಗಳವ್ವ ಎಂಬ ಹೆಸರಿನವರು ಇಬ್ಬರಿದ್ದರು. ಹಿರಿಯಳು ಚುಕ್ಕಿ ಹಿಡಿದಳು, ಕಿರಿಯಳು ಕಡ್ಡಿ. ಅಂದಿನಿಂದ ಅವರು ಚುಕ್ಕಿ ಮಂಗಳವ್ವ, ಕಡ್ಡಿ ಮಂಗಳವ್ವ. ಹೇಗೂ ನಮೂನೆಯೇ ಹೇಳುತ್ತದಲ್ಲ ಎಂದು ನಾನು ಕಂಪ್ಯೂಟರಿನಲ್ಲಿ ಎರಡು ಕಡೆಯೂ ಬರೀ ‘ಮಂಗಳವ್ವ’ ಎಂದು ಹೊಡೆದು ಬಿಟ್ಟಿದ್ದೆ. ಸೋಮಾರಿತನ, ಇನ್ನೇನು.

ಚುಕ್ಕಿ ಮಂಗಳವ್ವನ ಕಂಬ ಪ್ರತಿ ವರ್ಷವೂ ಎಲ್ಲರಿಗಿಂತ ಎತ್ತರ. ಅವಳ ಕೈಗುಣ ಊರಿಗೇ ಗೊತ್ತಿತ್ತು. ಬಿತ್ತನೆಯ ದಿನ ಕೂರಿಗೆಗೆ ಮೊದಲ ಹಿಡಿ ಬೀಜ ಅವಳೇ ಹಾಕಬೇಕು ಎಂದು ನಾಲ್ಕು ಮನೆಯವರು ಬಂದು ಕರೆಯುತ್ತಿದ್ದರು. ನನಗೂ ವರ್ಷಕ್ಕೊಮ್ಮೆ ಅಂಗೈ ತುಂಬ ಹೀರೇಬೀಜ ಹಾಕುತ್ತಿದ್ದಳು. ಒಂದೂ ಹುಸಿ ಹೋಗುತ್ತಿರಲಿಲ್ಲ. “ನಂದೇನೈತಿ ತಮ್ಮಾ, ಎಲ್ಲಾ ಮೈಲಾರಲಿಂಗಂದು” ಎನ್ನುವಳು. ಎಂದವಳೇ ಹೋಗಿ ತನ್ನ ಚುಕ್ಕಿ ಕಂಬದ ಮುಂದೆ ಬಹಳ ಹೊತ್ತು ನಿಲ್ಲುವಳು.

ತೊಂಬತ್ತೇಳರಲ್ಲಿ ಹೊಸ ಕಂಪ್ಯೂಟರ್ ಬಂತು, ಅದರಲ್ಲಿ ಸಾಫ್ಟ್‌ವೇರಿನ ಹೊಸ ಆವೃತ್ತಿ. ಹಂಗಾಮು ಮುಗಿದು ಚಾರ್ಟ್ ತೆಗೆದರೆ ನಮೂನೆಗಳೇ ಇಲ್ಲ. ಹುಬ್ಬಳ್ಳಿಯಿಂದ ಬಂದಿದ್ದ ಇಂಜಿನಿಯರನನ್ನು ಕೇಳಿದೆ. “ಅದನ್ನ ತಗದಾರ್ರಿ. ಈಗ ಬಣ್ಣ ಅದಾವಲ್ಲ, ಬೇಕಾದಷ್ಟು” ಎಂದ. ಬಣ್ಣ ಕಟ್ಟಿಕೊಂಡು ಏನು ಮಾಡಲಿ, ನಮ್ಮ ಪ್ರಿಂಟರಿಗೆ ಗೊತ್ತಿದ್ದದ್ದು ಕಪ್ಪೊಂದೇ. ಹನ್ನೆರಡು ಕಂಬಗಳೂ ಬೂದಿ ಬಳಿದುಕೊಂಡು ಹೊರಗೆ ಬಂದವು. ಸಾಲದ್ದಕ್ಕೆ ನಾನೇ ಅವನ್ನು ಎತ್ತರದಿಂದ ಗಿಡ್ಡಕ್ಕೆ ಸಾಲಾಗಿ ಜೋಡಿಸಿದ್ದೆ.

ಗೋಡೆಯ ಮುಂದೆ ಹೆಣ್ಣುಮಕ್ಕಳು ಕಣ್ಣು ಕಳೆದುಕೊಂಡವರಂತೆ ನಿಂತರು. ಒಬ್ಬೊಬ್ಬರಿಗೂ ಬೆರಳಿಟ್ಟು ತೋರಿಸುತ್ತಾ ಹೋದೆ.

“ತಮ್ಮಾ, ಇದರಾಗ ಚುಕ್ಕಿ ಎಲ್ಲೈತಿ?” ಎಂದಳು ಚುಕ್ಕಿ ಮಂಗಳವ್ವ.

ಸಾಲಿನಲ್ಲಿ ಒಬ್ಬ ಮಂಗಳವ್ವ ಮೊದಲನೆಯವಳು, ಇನ್ನೊಬ್ಬಳು ಕೊನೆಯವಳು; ಯಾರು ಯಾವುದೆಂದು ಹೆಸರಿನಿಂದ ತಿಳಿಯುವಂತಿರಲಿಲ್ಲ. ಮೇಸ್ತ್ರಿ ಲೆಕ್ಕ ಬರೆದಿಡುವ ಹೊಲದ ನೋಟ್‌ಬುಕ್ ನೋಡಿದ್ದರೆ ಮುಗಿಯುತ್ತಿತ್ತು. ಅದು ಆಫೀಸಿನಲ್ಲಿತ್ತು, ನನಗೆ ಊಟದ ಅವಸರ. ಆ ವರ್ಷ ಚುಕ್ಕಿ ಮಂಗಳವ್ವನಿಗೆ ಕಣ್ಣು ಮಂಜಾಗಿದೆ ಎಂದು ಯಾರೋ ಹೇಳಿದ್ದು ನೆನಪಾಗಿ, ಕೊನೆಯ ಗಿಡ್ಡ ಕಂಬದ ಮೇಲೆ ಬೆರಳಿಟ್ಟೆ.

ಅವಳು ಅದನ್ನು ನೋಡಿದಳು. ತನ್ನ ಎರಡೂ ಅಂಗೈ ನೋಡಿಕೊಂಡಳು. “ಆತು ಬಿಡು” ಎಂದು ಬುತ್ತಿಗಂಟು ಎತ್ತಿಕೊಂಡು ಹೋದಳು.

ಮುಂದಿನ ಹಂಗಾಮಿಗೆ ಅವಳು ಬರಲಿಲ್ಲ. ಹೊಸ ಯಾದಿ ಮಾಡಲು ನೋಟ್‌ಬುಕ್ ತೆರೆದಾಗ ಮೇಸ್ತ್ರಿಯ ಕೈಬರಹ ಕಣ್ಣಿಗೆ ಬಿತ್ತು: ಚುಕ್ಕಿ ಮಂಗಳವ್ವ, ನೂರಕ್ಕೆ ಎಪ್ಪತ್ತೊಂದು. ಕಡ್ಡಿ ಮಂಗಳವ್ವ, ಮೂವತ್ತೆಂಟು. ನನ್ನ ಬೆರಳನ್ನು ಕಡಿದು ಹಾಕಬೇಕು ಎನ್ನಿಸಿತು.

ಅದೇ ಚಾರ್ಟನ್ನು ಮತ್ತೆ ಪ್ರಿಂಟ್ ತೆಗೆದೆ. ಈ ಸಲ ಕಂಬಗಳನ್ನು ಖಾಲಿ ಬಿಟ್ಟು, ಎಲ್ಲಕ್ಕಿಂತ ಎತ್ತರದ್ದರಲ್ಲಿ ಪೆನ್ನಿನಿಂದ ಒಂದೊಂದಾಗಿ ಚುಕ್ಕಿ ಇಟ್ಟು ತುಂಬಿದೆ. ಅದನ್ನೂ ನೋಟ್‌ಬುಕ್ಕನ್ನೂ ತೆಗೆದುಕೊಂಡು ಬಸ್ಸು ಹಿಡಿದು ದೇವರಗುಡ್ಡಕ್ಕೆ ಹೋದೆ.

ಅವಳು ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಊರ ಬಿತ್ತನೆ ಮುಗಿದಿತ್ತು. “ಈ ವರ್ಷ ಕರಿಯಾಕ ಬಂದಿದ್ರು. ನಾನ ಒಲ್ಲೆ ಅಂದೆ. ಕಾಯಿ ಕಟ್ಟದ ಕೈಲೆ ಮಂದಿ ಹೊಲ ಯಾಕ ಕೆಡಸ್ಲಿ” ಎಂದಳು.

“ಯವ್ವಾ, ತಪ್ಪು ನಂದಬೇ. ಎತ್ತರಂದು ನಿನ್ನ ಕಂಬ. ನೋಡಿಲ್ಲೆ, ಚುಕ್ಕಿ.”

ಕಾಗದವನ್ನು ಕಣ್ಣಿನ ಹತ್ತಿರ ಹಿಡಿದಳು. ಚುಕ್ಕಿಗಳ ಮೇಲೆ ಮೆಲ್ಲಗೆ ಬೆರಳು ಆಡಿಸಿದಳು. ಮಸಿ ಬೆರಳಿಗೆ ಹತ್ತಿತು.

“ಇದು ನೀ ಬರದದ್ದು” ಎಂದಳು. “ಮಷಿನ್ ಬರದದ್ದಲ್ಲ.”

“ಖರೇನ ಹೇಳಾಕತ್ತೇನಿ. ಹೊಸಾ ಮಷಿನ್ನಿಗೆ ಚುಕ್ಕಿ ಇಡಾಕ ಬರೂದಿಲ್ಲ.”

“ಇರ್ಲಿ ಬಿಡು. ಮಷಿನ್ನಿಗೆ ದಾಕ್ಷಿಣ್ಯ ಇರೂದಿಲ್ಲ ತಮ್ಮಾ. ನಿನಗೈತಿ.” ಸಿಟ್ಟಿರಲಿಲ್ಲ. ನನ್ನ ಮೇಲೆ ಅವಳಿಗೆ ಮರುಕವಿತ್ತು, ಅದನ್ನೇ ನಾನು ತಡೆಯಲಾರದೆ ಹೋದೆ. ಮೈಲಾರಲಿಂಗನ ಆಣೆ ಮಾಡಿದೆ. ನೋಟ್‌ಬುಕ್ ತೆರೆದು ಅವಳ ಮುಂದೆ ಹಿಡಿದೆ. ಓದು ಬರದವಳ ಮುಂದೆ ಹಿಡಿದು ಏನು ಫಲ. ಅವಳು ತಲೆಯಾಡಿಸಿ ನಕ್ಕಳು.

ಹೊರಟು ನಿಂತಾಗ ಒಳಗಿನಿಂದ ಹೀರೇಬೀಜದ ಗಡಿಗೆ ತಂದು ಕಟ್ಟೆಯ ಮೇಲಿಟ್ಟಳು. ನಾನು ಎಂದಿನಂತೆ ಅಂಗೈ ಒಡ್ಡಿದೆ.

ಅವಳು ಗಡಿಗೆಯನ್ನು ನನ್ನ ಕಡೆ ಸರಿಸಿ, ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು.

“ನೀನ ಕೈ ಹಾಕಿ ತಗೊಳಪಾ. ನಂದು ಬ್ಯಾಡ.”