ಹೊಳೆಯ ಮೆಟ್ಟಿಲ ಮೇಲಿನ ಹೆಂಗಸು

ಗೋಕಾಕದ ಪೇಟೆಯಲ್ಲಿ ಅರಿವೆ ಕೊಂಡು ಬಸ್ ನಿಲ್ದಾಣದ ಕಡೆ ಹೊರಟಿದ್ದ ಮುದಕವ್ವನಿಗೆ ಧ್ವನಿವರ್ಧಕದಲ್ಲಿ ಆ ಹೆಸರು ಕೇಳಿಸಿತು. ಘಟಪ್ರಭೆಯ ದಂಡೆಯ ಮೇಲೆ ಚಿತ್ರ ಬಿಡಿಸುವ ಸ್ಪರ್ಧೆ ನಡೆದಿತ್ತು. ಬಂದ ಕಲಾವಿದರ ಹೆಸರುಗಳನ್ನು ಯಾರೋ ಓದುತ್ತಿದ್ದರು. ‘ಚಿತ್ರಕಲಾ ಶಿಕ್ಷಕರಾದ ಭೀಮೇಶ’ ಎಂದದ್ದೇ ತಡ, ಮಗಳು ನಂದಾ ತಾಯಿಯ ಕೈ ಹಿಡಿದು ಬಿರಬಿರನೆ ಎಳೆದಳು.

“ಕೈ ಬಿಡ. ನಾ ನೋಡಬೇಕು.”

“ಏನ್ ನೋಡ್ತಿ ಬೇ? ಘೋಡಗೇರಿ ಬಸ್ಸು ಹೋಕ್ಕೈತಿ.”

“ಹೋದ್ರ ಇನ್ನೊಂದು ಬರ್ತೈತಿ.”

ಭೀಮೇಶ ಮುದಕವ್ವನ ಹಿರಿಯ ಮಗಳು ನಾಗರತ್ನಾಳ ಗಂಡ. ನಾಲ್ಕು ವರ್ಷದ ಹಿಂದೆ, ಶ್ರಾವಣದಲ್ಲಿ ಹೊಳೆ ತುಂಬಿದ್ದಾಗ, ಅರಿವೆ ಒಗೆಯಲು ಹೋದ ನಾಗರತ್ನಾ ಇದೇ ದಂಡೆಯ ಮೆಟ್ಟಿಲ ಮೇಲೆ ಕಾಲು ಜಾರಿ ನೀರಿನ ಪಾಲಾಗಿದ್ದಳು. ವರ್ಷ ತುಂಬುವುದರೊಳಗೆ ಅವನು ಮೇಘಾಳನ್ನು ಮದುವೆಯಾದ. ಗಂಡಸು ಎಷ್ಟು ದಿನ ಒಬ್ಬನೇ ಇರುತ್ತಾನೆ ಎಂದರು ಹಿರಿಯರು. ಮುದಕವ್ವ ಅದಕ್ಕೂ ಹೂಂ ಎಂದಳು. ಆಮೇಲೆ ಅವನು ಅತ್ತೆಯ ಊರು ಘೋಡಗೇರಿಗೆ ಬರಲಿಲ್ಲ, ಅವಳು ಹೊಳೆಯ ದಂಡೆಗೆ ಹೋಗಲಿಲ್ಲ.

ಈಗ ಆ ದಂಡೆಗೆ ಬಣ್ಣದ ಪತಾಕೆ ಕಟ್ಟಿದ್ದರು. ಚಿತ್ರದ ಹಲಗೆಗಳನ್ನು ನಿಲ್ಲಿಸಿಕೊಂಡು ಹತ್ತಾರು ಮಂದಿ ನೀರಿನ ಕಡೆ ಮುಖ ಮಾಡಿ ನಿಂತಿದ್ದರು. ಹೊತ್ತು ಇಳಿಯುತ್ತಿತ್ತು. ಬೆಳಕು ಹೋಗುವುದರೊಳಗೆ ಮುಗಿಸಬೇಕೆಂಬ ಅವಸರ ಎಲ್ಲರ ಕೈಯಲ್ಲೂ ಇತ್ತು. ಒಬ್ಬಾಕೆ ನೀರಿಗಿಳಿದ ಎಮ್ಮೆಗಳನ್ನು ಬರೆಯುತ್ತಿದ್ದಳು. ಎಮ್ಮೆ ಎದ್ದು ಹೋದದ್ದಕ್ಕೆ ಬೈಯುತ್ತಿದ್ದಳು. ನೋಡಲು ಬಂದವರು ಒಬ್ಬೊಬ್ಬರ ಬೆನ್ನ ಹಿಂದೆಯೂ ನಿಂತು ತಲೆ ಆಡಿಸಿ, ಫೋಟೋ ತೆಗೆದು, ಮುಂದೆ ಸಾಗುತ್ತಿದ್ದರು.

ಭೀಮೇಶ ತುದಿಯಲ್ಲಿದ್ದ. ಸ್ವಲ್ಪ ದಪ್ಪಗಾಗಿದ್ದ. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ ಮೇಘಾ ಅವನಿಗೆ ಬಣ್ಣದ ಟ್ಯೂಬುಗಳನ್ನು ಎತ್ತಿಕೊಡುತ್ತಿದ್ದಳು. ಮುದಕವ್ವ ಜನರ ನಡುವೆ ಸೆರಗು ಮರೆ ಮಾಡಿಕೊಂಡು ನಿಂತಳು. ನಂದಾ ಹತ್ತಿರ ಬರಲಿಲ್ಲ; ಅರಿವೆಯ ಚೀಲ ಹಿಡಿದು ಬೇವಿನ ಮರದ ಕೆಳಗೇ ಉಳಿದಳು.

ಅವನು ಮೆಟ್ಟಿಲುಗಳನ್ನೇ ಬರೆಯುತ್ತಿದ್ದ. ಮೇಲಿನ ಒಡೆದ ಕಲ್ಲು, ನಡುವಿನ ಅಗಲ ಮೆಟ್ಟಿಲು, ನೀರಿಗೆ ತಾಗಿ ಪಾಚಿಗಟ್ಟಿದ ಕೊನೆಯದು. ಒಂದನ್ನೂ ಬಿಟ್ಟಿರಲಿಲ್ಲ. ಹೊಳೆಯ ಮೇಲೆ ಬಂಗಾರದ ಬಣ್ಣ ಸುರಿದಿದ್ದ. ಕಣ್ಣು ಕಿರಿದು ಮಾಡಿ ಮೆಟ್ಟಿಲು ನೋಡುವುದು, ಬರೆಯುವುದು, ಮತ್ತೆ ನೋಡುವುದು. ಹಾಗೆ ನೋಡುವಾಗ ಅವನ ಮುಖದಲ್ಲಿ ಏನಾದರೂ ಕಂಡೀತೆಂದು ಮುದಕವ್ವ ಕಾದಳು. ಒಮ್ಮೆ ಅವನ ಕೈ ನಿಂತಿತು. ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅವನು ಬಾಯಿ ತೆರೆದು ಆಕಳಿಸಿ, ಮೇಘಾಳಿಗೆ ಚಹಾ ತರಿಸಲು ಹೇಳಿದ.

ನಿರ್ಣಾಯಕರಾದ ಅಣ್ಣಾಸಾಹೇಬರು ಸುತ್ತು ಹಾಕುತ್ತ ಬಂದು ಚಿತ್ರದ ಮುಂದೆ ನಿಂತರು. ಬಿಳಿಗಡ್ಡದ ಹಿರಿಯರು.

“ಬೆಳಕು ಭಾರೀ ಬಂದೈತಿ. ಆದ್ರ ಮೆಟ್ಲು ಭಣಭಣ ಅಂತಾವು ನೋಡ್ರಿ. ಅಲ್ಲೊಂದು ಜೀವ ಬೇಕು.”

“ಖರೆ ಅಂದ್ರಿ ಸರ್. ಈಗ ಒಂದು ಹೆಣ್ಮಗಳ್ನ ಇಡ್ತೇನ್ರಿ,” ಎಂದ ಭೀಮೇಶ.

ನಾಲ್ಕಾರು ಸಲ ಕುಂಚ ಆಡಿತು, ಅಷ್ಟೆ. ಕೊನೆಯ ಮೆಟ್ಟಿಲ ಮೇಲೆ ಹಸಿರು ಸೀರೆಯ ಹೆಂಗಸೊಬ್ಬಳು ಬಗ್ಗಿ ಅರಿವೆ ಒಗೆಯತೊಡಗಿದಳು. ನಿಂತವರು ಚಪ್ಪಾಳೆ ತಟ್ಟಿದರು. ಅಣ್ಣಾಸಾಹೇಬರು, “ಈಗ ನೋಡ್ರಿ ಚಿತ್ರ ಆತು,” ಎಂದು ಮುಂದಿನವರ ಕಡೆ ಹೋದರು.

ಮುದಕವ್ವ ಜನರನ್ನು ಸರಿಸಿ ಮುಂದೆ ಬಂದಳು.

ಭೀಮೇಶ ತಿರುಗಿ ನೋಡಿ ಗಾಬರಿಯಾದ. “ಅತ್ತೀ... ನೀವು ಯಾವಾಗ ಬಂದ್ರಿ?” ಎಂದು ದನಿ ತಗ್ಗಿಸಿ ಕೇಳಿದ.

“ಈಕಿ ಯಾರ್ರಿ?” ಮುದಕವ್ವ ಚಿತ್ರಕ್ಕೆ ಬೆರಳು ತೋರಿಸಿದಳು.

ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಚಿತ್ರವನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. “ಯಾರೂ ಅಲ್ರಿ. ಸುಮ್ನ ಒಂದು ಹೆಣ್ಮಗಳು. ಚಿತ್ರಕ್ಕ ಬೇಕಾಗ್ತೈತಿ.”

ಸುಳ್ಳು ಹೇಳುತ್ತಿರಲಿಲ್ಲ ಅವನು. ಅದು ಮುದಕವ್ವನಿಗೂ ಗೊತ್ತಾಯಿತು. ಅವನು ಮರೆಮಾಚಿದ್ದರೆ, ಕಣ್ಣು ತಪ್ಪಿಸಿದ್ದರೆ, ಅವಳು ಅಲ್ಲಿಂದಲೇ ತಿರುಗಿ ಹೋಗುತ್ತಿದ್ದಳೋ ಏನೋ.

“ಯಾರೂ ಅಲ್ಲಂದ್ರ ಅಲ್ಲಿ ಇರೂದು ಬ್ಯಾಡ,” ಎಂದು ಹಸಿಬಣ್ಣದ ಮೇಲೆ ಹೆಬ್ಬೆರಳಿಟ್ಟು ಒರೆಸಿಬಿಟ್ಟಳು.

ಮೇಘಾ ಚೀರಿದಳು. ಮಂದಿ ಮುತ್ತಿಕೊಂಡಿತು. ಕೊರಳಿಗೆ ಬಿಲ್ಲೆ ಹಾಕಿಕೊಂಡಿದ್ದ ಸುನೀಲನೆಂಬ ಸ್ವಯಂಸೇವಕ ಓಡಿ ಬಂದು ಮುದಕವ್ವನ ರಟ್ಟೆ ಹಿಡಿದ. “ಏ ಮುದಿಕಿ, ತಲಿ ಕೆಟ್ಟೈತೇನ? ಒಬ್ರು ಮಧ್ಯಾಹ್ನದಿಂದ ಮಾಡಿದ್ದನ್ನ ಕೆಡಸ್ತಿ?”

ಗದ್ದಲ ಕೇಳಿ ಅಣ್ಣಾಸಾಹೇಬರೂ ಹಿಂದಿರುಗಿದರು. “ಯಾರ್ರೀ ಈಕಿ? ನಿಮ್ಮ ಪೈಕಿ ಏನು?”

ಭೀಮೇಶ ಮೇಘಾಳ ಮುಖ ನೋಡಿದ. ಸುತ್ತ ಎತ್ತಿ ಹಿಡಿದ ಮೊಬೈಲುಗಳನ್ನು ನೋಡಿದ. ಕರವಸ್ತ್ರ ತೆಗೆದು ಕೈ ಒರೆಸಿಕೊಳ್ಳುತ್ತ, “ಗುರ್ತ ಇಲ್ರಿ ಸರ್,” ಎಂದ. ಆಮೇಲೆ ದೊಡ್ಡ ಮನಸ್ಸು ಮಾಡಿದವನಂತೆ, “ಹೋಗ್ಲಿ ಬಿಡ್ರಿ, ವಯಸ್ಸಾದಾಕಿ. ಯಾರೂ ಬಡೀಬ್ಯಾಡ್ರಿ,” ಎಂದೂ ಸೇರಿಸಿದ. ಎಂಥ ಒಳ್ಳೆಯ ಮನುಷ್ಯ ಎಂದಿತು ಮಂದಿ.

ನಂದಾ ಅಷ್ಟರಲ್ಲಿ ಓಡಿ ಬಂದಿದ್ದಳು. ಏನೋ ಕೂಗಲು ಹೋದವಳ ಬಾಯಿಗೆ ಮುದಕವ್ವ ಕೈ ಅಡ್ಡ ಹಿಡಿದಳು. ಸುನೀಲ ಇಬ್ಬರನ್ನೂ ಪತಾಕೆ ಕಟ್ಟಿದ ಹಗ್ಗದಾಚೆ ದಾಟಿಸಿ ಬಿಟ್ಟುಬಂದ. ಅಲ್ಲಿಂದಲೂ ಚಿತ್ರ ಕಾಣುತ್ತಿತ್ತು. ಭೀಮೇಶ ಕಲೆಯಾದ ಜಾಗವನ್ನು ಬಟ್ಟೆಯಿಂದ ಒರೆಸಿ, ಅದೇ ಮೆಟ್ಟಿಲ ಮೇಲೆ ಮತ್ತೊಬ್ಬ ಹೆಂಗಸನ್ನು ಇಟ್ಟ. ಈ ಸಲ ಸೀರೆ ಕೆಂಪು. ಮೊದಲಿನದಕ್ಕಿಂತ ಚೆನ್ನಾಗಿಯೇ ಬಂತು.

ದೀಪ ಹತ್ತಿದ ಮೇಲೆ ಬಹುಮಾನ ಹೇಳಿದರು. ಮೊದಲನೆಯದು ಅವನಿಗೇ.

ಬಸ್ಸಿನಲ್ಲಿ ನಂದಾ ಬಿಕ್ಕಿ ಬಿಕ್ಕಿ ಅತ್ತಳು. “ಯಾಕ ಬೇ ನನ್ನ ಬಾಯಿ ಮುಚ್ಚಿದಿ? ಎಲ್ಲಾರ ಮುಂದ ಅವನ ಮಾನ ಕಳೀತಿದ್ನಿ.”

ಮುದಕವ್ವ ಹೆಬ್ಬೆರಳಿಗೆ ಅಂಟಿದ್ದ ಹಸಿರು ಬಣ್ಣವನ್ನು ಸೆರಗಿನ ತುದಿಗೆ ಒರೆಸಿಕೊಂಡಳು. ಆಮೇಲೆ ಯಾರಿಗೂ ಹೇಳದ ಮಾತನ್ನು ಮಗಳಿಗೆ ಹೇಳಿದಳು.

“ನಿಮ್ಮಕ್ಕ ಹ್ವಾದ ದಿನ ಮುಂಜಾನೆ ಫೋನ್ ಮಾಡಿದ್ಳು. ‘ಬೋರಿನ ಮೋಟರ್ ಸುಟ್ಟು ವಾರಾತು ಯವ್ವಾ, ದಿನಾ ಹೇಳಾಕತ್ತೇನಿ, ಅವ್ರಿಗೆ ಪುರಸೊತ್ತಿಲ್ಲ, ಚಿತ್ರ ಬರ್ಯಾಕತ್ತಾರ, ಅರಿವಿ ಹೊಳಿಗೇ ಒಯ್ತೇನಿ’ ಅಂದ್ಳು. ‘ಹೊಳಿ ತುಂಬೈತಿ, ಹೋಗಬ್ಯಾಡ’ ಅಂದ್ನಿ. ‘ಮತ್ತ ಯಾರ್ ಒಗೀಬೇಕು’ ಅಂದ್ಳು.”

ನಂದಾಳ ಅಳು ನಿಂತಿತು. “ಇದನ್ನ ಆವಾಗ ಯಾಕ ಹೇಳ್ಲಿಲ್ಲ?”

“ಹೇಳಿದ್ರ ಯಾರ್ ಕೇಳ್ತಿದ್ರು? ಅಂವ ಅಷ್ಟು ಚೊಲೋ ಅಳಾಕತ್ತಿದ್ದ.”

“ನಾಳೆ ಅವನ ಮನಿಗೆ ಹೋಗ್ತೇನಿ. ಅಂವಗ ಕೇಳೇ ಕೇಳ್ತೇನಿ.”

“ಕೇಳಿ ಏನ್ ಮಾಡ್ತಿ?” ಮುದಕವ್ವ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. “ಮಣ್ಣು ಮಾಡಿದ ಮರುದಿನಾನ ಮೋಟರ್ ರಿಪೇರಿ ಮಾಡ್ಸಿದ. ಮಾತಾಡ್ಸಾಕ ಬಂದ ಮಂದಿಗೆ ಕೈಕಾಲು ತೊಳ್ಯಾಕ ನೀರು ಬೇಕಾಗಿತ್ತಲ್ಲ.”