ಬಾಯಾರದ ಗಿಡಕ್ಕೆ ನೀರು ಸುರಿದ ಜಂಬಮ್ಮ

ನಮ್ಮ ಬಳ್ಳಾರಿಯ ಬಿಸಿಲು ಗೊತ್ತಲ್ಲ! ಮಾರ್ಚ್ ಬಂತೆಂದರೆ ಮಾಳಿಗೆ ಮೇಲೆ ಬರಿಗಾಲಿಡುವಂತಿಲ್ಲ. ಗಾಂಧಿನಗರದ ಜಂಬಮ್ಮನ ಮಾಳಿಗೆಯಲ್ಲಿ ಗುಲಾಬಿ ಸುಟ್ಟುಹೋಯಿತು, ದಾಸವಾಳ ಬಾಡಿತು. ಅದಕ್ಕೆಲ್ಲ ಆಕೆ ಮರುಗಲಿಲ್ಲ. ಆದರೆ ಅವ್ವ ಸಾಯುವ ಮುಂಚೆ ಕೈಯಾರೆ ಕಿತ್ತುಕೊಟ್ಟಿದ್ದ ಪುಟ್ಟ ಲೋಳೆಸರ, ಗೇಣುದ್ದವೂ ಬೆಳೆಯದ ಚುಕ್ಕಿ ಎಲೆಯ ಜಾತಿ, ಬುಡದಲ್ಲಿ ಮೆತ್ತಗಾದಾಗ ಮಾತ್ರ ಆಕೆಯ ಕರುಳು ಚುರ್ ಎಂದಿತು.

ಆಕೆ ಏನು ಕಡಿಮೆ ಮಾಡಿದ್ದಳು? ತವರು ಸಿರುಗುಪ್ಪ, ಕಾಲುವೆ ನೀರಿನ ಊರು. ಅವ್ವನ ಗಿಡಕ್ಕೆ ಅವ್ವನ ಮಣ್ಣೇ ಬೇಕೆಂದು ಭತ್ತದ ಗದ್ದೆಯ ಎರೆಮಣ್ಣನ್ನು ಚೀಲದಲ್ಲಿ ತುಂಬಿ ಬಸ್ಸಿನಲ್ಲಿ ತಂದಿದ್ದಳು. ಬೆಳಿಗ್ಗೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ ನೀರು. ಕುಂಡ ಸಣ್ಣ ಗದ್ದೆಯಾಗಿಬಿಟ್ಟಿತ್ತು.

“ಕಿತ್ತೊಗಿ ಅದನ್ನ, ವಾಸನಿ ಹೊಡಿಯಾಕತ್ತೈತಿ,” ಎಂದ ಗಂಡ ಗಾದಿಲಿಂಗಪ್ಪ.

“ಬಾಯಾಗ ಒಳ್ಳೆ ಮಾತು ಬರ್ಲಿ. ಬಿಸಿಲಿಗೆ ನೀರಡಿಕಿ ಆಗೈತಿ ಅದಕ್ಕ,” ಎಂದು ಜಂಬಮ್ಮ ಮತ್ತೆ ತಂಬಿಗೆ ಎತ್ತಿದಳು.

ಪಕ್ಕದ ಮಾಳಿಗೆಯಲ್ಲಿ ರಾಧಾ ಇದ್ದಳು. ಬಾದನಹಟ್ಟಿಯ ಹೆಣ್ಣುಮಗಳು, ಜಂಬಮ್ಮನ ಮಹಿಳಾ ಸಂಘದ ಗೆಳತಿ; ಮಾಳಿಗೆ ತುಂಬ ಇಂಥವೇ ಗಿಡ ಬೆಳೆಸಿದವಳು. “ಯಕ್ಕಾ, ನಿಲ್ರಿ! ಅದೇನು ಭತ್ತ ಅಂದ್ಕೊಂಡೀರೇನು?” ಎಂದು ಕೂಗಿದಳು.

“ನೀರು ಹಾಕದಿದ್ರ ಸಾಯಂಗಿಲ್ಲೇನು?”

“ದೃಷ್ಟಿಗಂತ ಬಾಗಿಲ ಮ್ಯಾಲೆ ಲೋಳೆಸರ ತಲಿಕೆಳಗ ಕಟ್ಟೀರಲ್ಲ, ಅದಕ್ಕ ಯಾರು ನೀರು ಹಾಕ್ತಾರ?”

ಜಂಬಮ್ಮ ತಂಬಿಗೆ ಕೆಳಗಿಟ್ಟಳು. ಅಮಾವಾಸ್ಯೆಗೆ ಕಟ್ಟಿದ್ದು, ಮಣ್ಣಿಲ್ಲ, ಹನಿ ನೀರಿಲ್ಲ, ಆದರೂ ಚಿಗುರಿತ್ತು. “ಅದು ದೇವರದು,” ಎಂದಳು.

“ದೇವರು ನೀರನ್ನ ಎಲಿಯಾಗ ತುಂಬ್ಯಾನ, ಯಕ್ಕಾ. ನೀವು ಮ್ಯಾಲ ಮ್ಯಾಲ ಸುರಿದ್ರ ಬೇರಿಗೆ ಉಸಿರು ಕಟ್ಟಿ ಕೊಳಿತಾವು. ಎರಿಮಣ್ಣು ಬ್ಯಾರೆ, ನೀರು ಬಿಡಂಗಿಲ್ಲ.”

“ಹಂಗಾರ ಅವ್ವನ ಗಿಡ ನಾನ ಕೊಂದ್ನೇನು?” ಜಂಬಮ್ಮನ ಕಣ್ಣು ತುಂಬಿತು.

“ಇನ್ನೂ ಜೀವ ಐತಿ. ಜಲ್ದಿ ಕೀಳ್ರಿ.”

ಇಬ್ಬರೂ ಸೇರಿ ಕಪ್ಪಾದ ಬೇರು, ಕೊಳೆತ ಬುಡ ಕತ್ತರಿಸಿದರು. ಉಳಿದದ್ದು ಗಟ್ಟಿ ಸುಳಿಯೊಂದೇ. ಕೊಯ್ದ ಜಾಗ ಒಣಗಲೆಂದು ನಾಲ್ಕೈದು ದಿನ ನೆರಳಲ್ಲಿ ಹಾಗೇ ಬಿಟ್ಟರು. ಜಂಬಮ್ಮನ ಕೈ ತಂಬಿಗೆಯತ್ತ ಹೋದಾಗಲೆಲ್ಲ ಗಾದಿಲಿಂಗಪ್ಪ ಕೆಮ್ಮುತ್ತಿದ್ದ. ಆಮೇಲೆ ತಳದಲ್ಲಿ ತೂತಿದ್ದ ಮಣ್ಣಿನ ಕುಂಡ ತಂದು, ಕೆಮ್ಮಣ್ಣಿಗೆ ಅಷ್ಟೇ ಪ್ರಮಾಣದ ದಪ್ಪ ಮರಳು, ಒಂದಿಷ್ಟು ಇಟ್ಟಿಗೆ ಚೂರು ಬೆರೆಸಿ ನೆಟ್ಟರು. ಬೆಳಗಿನ ಬಿಸಿಲು ಬಿದ್ದು, ಮಧ್ಯಾಹ್ನ ನೆರಳಾಗುವ ಮೂಲೆಯಲ್ಲಿಟ್ಟರು. ಒಂದು ವಾರ ನೀರೇ ಇಲ್ಲ. ಅಲ್ಲಿಂದ ಮುಂದೆ ಬೆರಳು ಚುಚ್ಚಿ, ಒಳಗೂ ಒಣಗಿದ್ದರಷ್ಟೇ ನೀರು.

ಮಳೆಗಾಲಕ್ಕೆ ಸುಳಿ ಬಿಚ್ಚಿತು. ದೀಪಾವಳಿ ಹೊತ್ತಿಗೆ ಬುಡದಲ್ಲಿ ಎರಡು ಮರಿ!

“ರೀ, ಬರ್ರಿ ಇಲ್ಲಿ! ಅವ್ವನ ಗಿಡ ಮರಿ ಹಾಕೈತಿ!”

ಕಿತ್ತೊಗೆ ಎಂದಿದ್ದ ಗಾದಿಲಿಂಗಪ್ಪನೇ ಖಾಲಿ ಕುಂಡ ಹಿಡಿದು ಬಂದ. “ಒಂದು ಮರಿ ನನ್ನ ಅಂಗಡಿ ಮುಂದ ಇಡ್ತೀನಿ,” ಎಂದ. ಇನ್ನೊಂದನ್ನು ಜಂಬಮ್ಮ, ಗಂಡನ ಮನೆಯಿಂದ ಹಬ್ಬಕ್ಕೆ ಬಂದಿದ್ದ ಮಗಳು ಸೌಂದರ್ಯಳ ಕೈಗಿಟ್ಟಳು. “ನಿಮ್ಮಜ್ಜಿ ಕೊಟ್ಟಿದ್ದವ್ವ ಇದು. ನಿನ್ನ ಮನ್ಯಾಗೂ ಬದುಕ್ಲಿ.”

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಮ್ಮ ಬಿಸಿಲನ್ನು ಬೈದದ್ದು ಸಾಕು. ಈ ಬಿಸಿಲಿಗೆ ಒಗ್ಗುವ ಗಿಡ ಬೆಳೆಸಿ. ಕುಂಡಕ್ಕೆ ತೂತಿದೆಯೇ, ಮಣ್ಣಿನಲ್ಲಿ ಮರಳಿದೆಯೇ ನೋಡಿಕೊಳ್ಳಿ. ತಂಬಿಗೆ ಎತ್ತಿದಿರಾ? ಮೊದಲು ಮಣ್ಣಿಗೆ ಬೆರಳು ಚುಚ್ಚಿ. ಹಸಿ ತಾಗಿದರೆ ಆ ನೀರು ನೀವೇ ಕುಡಿಯಿರಿ!