ಮೂರನೇ ವಾರ್ಡಿನ ಕಪ್ಪು ಚುಕ್ಕೆ

ಆಸ್ಪತ್ರೆಯ ಅಂಕಿಅಂಶದ ಕೋಣೆಯಲ್ಲಿ ನನ್ನ ಕೆಲಸ ಇಷ್ಟೇ: ಕಂಪ್ಯೂಟರಿನಲ್ಲಿ ಐದು ಹೆರಿಗೆ ವಾರ್ಡುಗಳಿಗೆ ಐದು ಕಂಬ ಎಬ್ಬಿಸುವುದು. ಹೆರಿಗೆ ಎಷ್ಟೋ ಕಂಬ ಅಷ್ಟೆತ್ತರ. ಈ ಸಲ ಪ್ರತಿ ಕಂಬದ ತಲೆಯ ಮೇಲೂ ಒಂದು ಚುಕ್ಕೆ ಇಟ್ಟೆ. ನೂರರಲ್ಲಿ ಎಷ್ಟು ಬಾಣಂತಿಯರಿಗೆ ಸೋಂಕು ತಗುಲಿತು ಎಂಬುದನ್ನು ಆ ಚುಕ್ಕೆಯ ಬಣ್ಣ ಹೇಳಬೇಕು. ತಿಳಿನೀಲಿಯಿಂದ ಕಪ್ಪುನೀಲಿಯವರೆಗಿನ ಬಣ್ಣಗಳನ್ನು ಪ್ರೋಗ್ರಾಮೇ ಹಂಚಿತು. ಯಾವ ಬಣ್ಣಕ್ಕೆ ಯಾವ ಅಂಕಿ ಎಂದು ತೋರಿಸುವ ಪಟ್ಟಿ ಪಕ್ಕದಲ್ಲಿ ಸುಮ್ಮನೆ ಜಾಗ ತಿನ್ನುತ್ತದೆಂದು ತೆಗೆದುಹಾಕಿದೆ.

ಎಲ್ಲಕ್ಕಿಂತ ಕಪ್ಪು ಚುಕ್ಕೆ ಮೂರನೇ ವಾರ್ಡಿನ ಮೇಲೆ ಕೂತಿತ್ತು. ಅಲ್ಲಿಯ ಹೆಡ್ ನರ್ಸ್ ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಇಪ್ಪತ್ತು ವರ್ಷಗಳಿಂದ ನಮ್ಮ ಮನೆಗೆ ಬಂದಾಗಲೆಲ್ಲ ತೊಳೆದ ಲೋಟವನ್ನು ಮತ್ತೆ ತೊಳೆದೇ ನೀರು ಕುಡಿಯುವವಳು. ನನ್ನದು ಕಂಬಕ್ಕೆ ಸುಣ್ಣ ಬಳಿಯುವ ಉದ್ಯೋಗವೆಂದು ಬಂದವರೆದುರು ನಗುವವಳು. ಸುಳ್ಳೇಕೆ ಹೇಳಲಿ, ಆ ಚುಕ್ಕೆ ನೋಡಿ ಹಾಲು ಕುಡಿದಷ್ಟು ಸಂತೋಷವಾಯಿತು.

ಬೆಳಗಿನ ಸಭೆಯಲ್ಲಿ ಚಿತ್ರ ಗೋಡೆಯ ಮೇಲೆ ಮೂಡಿತು. ದೊಡ್ಡ ಡಾಕ್ಟರು ಆ ಚುಕ್ಕೆಯನ್ನೇ ದಿಟ್ಟಿಸಿದರು. ಮೂರನೇ ವಾರ್ಡನ್ನು ಇವತ್ತಿನಿಂದಲೇ ಐದನೇ ವಾರ್ಡಿನ ಹೆಡ್ ನರ್ಸ್ ನೋಡಿಕೊಳ್ಳಲಿ, ಅವರ ಚುಕ್ಕೆ ಎಷ್ಟು ತಿಳಿಯಾಗಿದೆ ನೋಡಿ, ಎಂದರು.

ಅತ್ತಿಗೆ ವಾದಿಸಲಿಲ್ಲ. ಔಷಧದ ಬೀರುವಿನ ಕೀಲಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಂದು ನೂರಕ್ಕೆ ಎಷ್ಟಮ್ಮ? ಹೇಳು. ಎಲ್ಲಿ ತಪ್ಪಿದೀನಿ ಅಂತ ಹುಡುಕ್ಬೇಕು."

ಅಂಕಿಗಳನ್ನು ತೆರೆದೆ. ಮೂರನೇ ವಾರ್ಡಿನಲ್ಲಿ ನೂರಕ್ಕೆ ಒಂದು. ಐದನೆಯದರಲ್ಲಿ ಒಂಬತ್ತು.

ನಾವಾಗಿ ಬದಲಾಯಿಸದಿದ್ದರೆ ಆ ಪ್ರೋಗ್ರಾಮು ಚಿಕ್ಕ ಅಂಕಿಗೆ ಕಪ್ಪು ಬಣ್ಣವನ್ನೂ ದೊಡ್ಡ ಅಂಕಿಗೆ ತಿಳಿ ಬಣ್ಣವನ್ನೂ ಕೊಡುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಹೊಸಬರಿಗೆ ನಾನೇ ಹೇಳಿಕೊಡುವ ಮೊದಲ ಪಾಠ. ಆ ಚುಕ್ಕೆ ಬೇರೆ ಯಾವ ವಾರ್ಡಿನ ಮೇಲೆ ಕೂತಿದ್ದರೂ ಅಂಕಿಯನ್ನೊಮ್ಮೆ ನೋಡಿಯೇ ನೋಡುತ್ತಿದ್ದೆ.

ಐದನೇ ವಾರ್ಡಿನಾಕೆ ಕೀಲಿಗೆ ಕೈಚಾಚಿದ್ದಳು.

"ಅತ್ತಿಗೆ, ಕೀಲಿ ಕೊಡ್ಬೇಡಿ," ಎಂದೆ. "ಬಣ್ಣ ತಲೆಕೆಳಗಾಗಿದೆ. ತಪ್ಪು ನಂದು. ಎಲ್ಲರಿಗಿಂತ ಕಮ್ಮಿ ನಿಮ್ದೇ."

ಡಾಕ್ಟರು ಅಂಕಿಗಳನ್ನು ತಾವೇ ಎರಡೆರಡು ಸಲ ಓದಿ, ಕೀಲಿಯನ್ನು ಅತ್ತಿಗೆಯ ಕಡೆಗೆ ಸರಿಸಿದರು.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನೋಡ್ದೇನೇ ನಂಬಿಬಿಟ್ಯಾ?" ಎಂದು ಮೆಲ್ಲಗೆ ಕೇಳಿದಳು.

ನಾನು ತಲೆ ತಗ್ಗಿಸಿದೆ. ಕೀಲಿಯನ್ನು ಕರವಸ್ತ್ರದಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡು ಅವಳು ವಾರ್ಡಿಗೆ ಹೋದಳು.